ಟೈಪ್ ಒಂದೋ, ಎರಡೋ? ತೀರ್ಮಾನವಾಗುವ ತನಕ ಮಾಡಬೇಕಾದ್ದು

ಮೂವತ್ತೈದು ದಾಟಿದವರಿಗೆ ಶುಗರ್ ಬಂತೆಂದರೆ ನಮ್ಮಲ್ಲಿ ಫೈಲಿನ ಮೇಲೆ 'ಟೈಪ್ 2' ಎಂದು ಬೀಳುವುದು ಹೆಚ್ಚುಕಡಿಮೆ ಖಚಿತ. ಬಹುತೇಕ ಸಲ ಅದು ಸರಿಯೂ ಹೌದು. ಟೈಪ್ 2 ಎಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಬಗ್ಗದೆ ಬರುವ ಶುಗರ್; ಟೈಪ್ 1 ಎಂದರೆ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹವೇ ಹಾಳುಮಾಡಿಕೊಂಡು ಬರುವಂಥದ್ದು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅವರಲ್ಲಿ ಹೆಚ್ಚಿನವರದು ಟೈಪ್ 2 ಮಧುಮೇಹವೇ. ಈ ಲೇಖನ ಉಳಿದವರಿಗೆ. ಮಾತ್ರೆ ಒಂದರಿಂದ ಮೂರಾದರೂ ಶುಗರ್ ಇಳಿಯದವರು, ಏನೂ ಮಾಡದೆ ತೂಕ ಕರಗುತ್ತಿರುವವರು, ಒಬ್ಬ ಡಾಕ್ಟರು ಟೈಪ್ 2 ಎಂದು ಇನ್ನೊಬ್ಬರು 'ಟೈಪ್ 1 ಇರಬಹುದು ನೋಡೋಣ' ಎಂದು ನಡುವೆ ನಿಂತವರು, ರಿಪೋರ್ಟು ಕೈಗೆ ಬಂದರೂ ಅದು ಅತ್ತಲೂ ಸಲ್ಲದೆ ಇತ್ತಲೂ ಸಲ್ಲದೆ ಉಳಿದವರು. ನಾನೂ ಅದೇ ಸಾಲಿನವಳು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಗೆ ಹೆಸರು ಇಡುವುದು ತಡವಾದರೆ ಅಂಥ ನಷ್ಟವಿಲ್ಲ. 'ನನ್ನ ದೇಹ ಇನ್ನೂ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ' ಎಂಬುದು ಮಾತ್ರ ಬೇಗ ತಿಳಿಯಬೇಕು. ಯಾವ ಮಾತ್ರೆ ಆಗುತ್ತದೆ, ಯಾವುದು ಆಗದು, ಇನ್ಸುಲಿನ್ ಬಿಡಬಹುದೇ, ಉಪವಾಸ ಮಾಡಬಹುದೇ ಎಂಬೆಲ್ಲ ಪ್ರಶ್ನೆಗಳೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ.

ಹಂತ 1: ಸಂಶಯಕ್ಕೆ ಆಧಾರ ಇದೆಯೇ ನೋಡಿ

'ನಾನು ಸಣ್ಣಗಿದ್ದೇನೆ, ಹಾಗಾಗಿ ಟೈಪ್ 2 ಅಲ್ಲ' ಎಂಬ ವಾದ ನಮ್ಮ ದೇಶದಲ್ಲಿ ನಿಲ್ಲುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸ ತೋರಿಸಿಕೊಟ್ಟಂತೆ, ಭಾರತೀಯರು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚಿರುವುದು ಸಾಮಾನ್ಯ. ಆದ್ದರಿಂದಲೇ ನಮ್ಮಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಅಧಿಕ ತೂಕ ಎನ್ನುತ್ತಾರೆ. ತೆಳ್ಳಗಿರುವ ಟೈಪ್ 2ನವರು ಬೇಕಾದಷ್ಟಿದ್ದಾರೆ.

ವಯಸ್ಸಿನ ವಾದವೂ ಹಾಗೆಯೇ ಸೋಲುತ್ತದೆ. 'ಟೈಪ್ 1 ಮಕ್ಕಳಿಗೆ ಬರುವಂಥದ್ದು' ಎಂದು ಓದಿದ್ದೇವೆ. ಬ್ರಿಟನ್ನಿನ ಬಯೋಬ್ಯಾಂಕ್ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 60 ವರ್ಷದೊಳಗೆ ಬಂದ ಟೈಪ್ 1 ಪ್ರಕರಣಗಳ ಪೈಕಿ ಶೇ 42ರಷ್ಟು 30 ದಾಟಿದ ಮೇಲೆ ಬಂದಿದ್ದವು. ವಾಸಿಂ ಅಕ್ರಂಗೆ ಟೈಪ್ 1 ಪತ್ತೆಯಾದಾಗ ವಯಸ್ಸು ಮೂವತ್ತರ ಆಸುಪಾಸು, ಬೌಲಿಂಗ್ ಮಾಡುತ್ತಿದ್ದ ಕಾಲ. ಬ್ರಿಟನ್ನಿನ ಥೆರೇಸಾ ಮೇ 2012ರಲ್ಲಿ ಗೃಹ ಸಚಿವೆಯಾಗಿದ್ದಾಗ, 56ನೇ ವಯಸ್ಸಿನಲ್ಲಿ, ಮೊದಲು ಟೈಪ್ 2 ಎಂದು ಹೇಳಿಸಿಕೊಂಡರು. ಮಾತ್ರೆ ಕೆಲಸ ಮಾಡಲಿಲ್ಲ. ಮತ್ತೆ ಪರೀಕ್ಷೆ ಮಾಡಿದಾಗ ಅದು ಟೈಪ್ 1. ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು 2021ರಲ್ಲಿ ಒಟ್ಟಾಗಿ ಹೊರಡಿಸಿದ ವರದಿಯ ಪ್ರಕಾರ, ದೊಡ್ಡವರಾದ ಮೇಲೆ ಟೈಪ್ 1 ಬಂದವರಲ್ಲಿ ಶೇ 40ರವರೆಗೂ ಆರಂಭದಲ್ಲಿ ತಪ್ಪು ಗುಂಪಿಗೆ ಸೇರಿರುವ ಸಾಧ್ಯತೆ ಇದೆ.

ಹಾಗಾದರೆ ಸಂಶಯ ಪಡಬೇಕಾದ್ದು ಯಾವಾಗ? 35ರ ಒಳಗೆ ಶುಗರ್ ಬಂದಿದ್ದರೆ. ತಿನ್ನುವುದು ಕಡಿಮೆ ಮಾಡದೆ ತೂಕ ಇಳಿದಿದ್ದರೆ. ಪತ್ತೆಯಾದ ದಿನವೇ ಮೂತ್ರದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಇದ್ದರೆ. ಮೂರು ವರ್ಷದೊಳಗೆ ಇನ್ಸುಲಿನ್ ಬೇಕಾಗಿದ್ದರೆ. ಥೈರಾಯ್ಡ್, ತೊನ್ನು, ಸೀಲಿಯಾಕ್‌ನಂಥ (ಗೋಧಿ ಒಗ್ಗದ ಕಾಯಿಲೆ) ತೊಂದರೆ ನಿಮಗೋ ಒಡಹುಟ್ಟಿದವರಿಗೋ ಇದ್ದರೆ. ಇವುಗಳಲ್ಲಿ ಒಂದೇ ಇದ್ದರೆ ಅದು ಸುಳಿವು ಮಾತ್ರ, ಎರಡು ಮೂರು ಸೇರಿದರೆ ಪರೀಕ್ಷೆ ಮಾಡಿಸಲೇಬೇಕು. ಯಾವುದೂ ಇಲ್ಲದೆ, ಮೆಟ್‌ಫಾರ್ಮಿನ್ ಮಾತ್ರೆ ಒಂದರಲ್ಲೇ ಶುಗರ್ ಹಿಡಿತದಲ್ಲಿದ್ದರೆ ದಯವಿಟ್ಟು ಗೂಗಲ್ ಮುಚ್ಚಿಡಿ. ಲಕ್ಷಣವಿಲ್ಲದವರಿಗೆಲ್ಲ ಆಂಟಿಬಾಡಿ ಪರೀಕ್ಷೆ (ದೇಹ ತನ್ನ ಕೋಶಗಳ ಮೇಲೇ ತಿರುಗಿಬಿದ್ದಿದೆಯೇ ಎಂದು ನೋಡುವ ರಕ್ತಪರೀಕ್ಷೆ) ಮಾಡಿದರೆ ಸುಳ್ಳು ಪಾಸಿಟಿವ್‌ಗಳೇ ಹೆಚ್ಚು ಸಿಗುತ್ತವೆ.

ಹಂತ 2: ಹೆಸರಿಗೆ ಕಾಯದೆ ಮೊದಲು ಅಪಾಯ ತಪ್ಪಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಆದ್ದರಿಂದ ನಿಧಾನವಾಗಿ ಓದಿ. ತೀರ್ಮಾನವಾಗುವ ತನಕ ನಿಮ್ಮನ್ನು ನೀವು ಟೈಪ್ 1 ಎಂದೇ ಭಾವಿಸಿ ಎಚ್ಚರಿಕೆ ವಹಿಸಿ. ಟೈಪ್ 2 ಇದ್ದವರು ಹೀಗೆ ಎಚ್ಚರ ವಹಿಸಿದರೆ ಏನೂ ಕೆಡುವುದಿಲ್ಲ. ಟೈಪ್ 1 ಇದ್ದವರು ವಹಿಸದಿದ್ದರೆ ಐಸಿಯು ಸೇರಬೇಕಾದೀತು.

ದೇಹದಲ್ಲಿ ಇನ್ಸುಲಿನ್ ತೀರಾ ಕಡಿಮೆಯಾದಾಗ ಕೊಬ್ಬು ಕರಗಿ ಕೀಟೋನ್ ಆಗುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಇದಕ್ಕೆ ಡಿಕೆಎ ಎನ್ನುತ್ತಾರೆ. ಲಕ್ಷಣಗಳು: ವಾಂತಿ, ಹೊಟ್ಟೆನೋವು, ತೀರದ ಬಾಯಾರಿಕೆ, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಕು. ನಮ್ಮಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದೋ ಫುಡ್ ಪಾಯ್ಸನ್ ಎಂದೋ ಅಂದುಕೊಂಡು, ಮೆಡಿಕಲ್ ಶಾಪಿನಿಂದ ವಾಂತಿ ಮಾತ್ರೆ ತಂದು ನುಂಗಿ ಮಲಗುವುದುಂಟು. ಶುಗರ್ ಇರುವವರಿಗೆ ವಾಂತಿ ನಿಲ್ಲದಿದ್ದರೆ ಮೊದಲು ನೋಡಬೇಕಾದ್ದು ಕೀಟೋನ್.

ಮೂತ್ರದ ಕೀಟೋನ್ ಸ್ಟ್ರಿಪ್ ಡಬ್ಬಿ ದೊಡ್ಡ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದಿಡಿ, ತೇವ ತಾಗಿದ ಸ್ಟ್ರಿಪ್ ಸುಳ್ಳು ಹೇಳುತ್ತದೆ. ಶುಗರ್ 250 ದಾಟಿ ಇಳಿಯದಿದ್ದಾಗ, ಜ್ವರ ಬಂದಾಗ, ವಾಂತಿಯಾದಾಗ ನೋಡಿ. ಮೂತ್ರದಲ್ಲಿ ಎರಡು ಪ್ಲಸ್ ಅಥವಾ ಹೆಚ್ಚು ಬಂದರೆ ಡಾಕ್ಟರಿಗೆ ಫೋನ್ ಮಾಡಿ. ಫೋನ್ ಸಿಗದಿದ್ದರೆ, ಅಥವಾ ಕುಡಿದ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೇ ಹೋಗಿ. ರಕ್ತದ ಕೀಟೋನ್ ಮೀಟರ್ ಇದ್ದರೆ 0.6ರ ಕೆಳಗೆ ನೆಮ್ಮದಿ, 1.5 ದಾಟಿದರೆ ಅವಸರ, 3 ದಾಟಿದರೆ ತುರ್ತು.

ಇನ್ನು ಮಾತ್ರೆಗಳ ವಿಷಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ 'ಗ್ಲಿಫ್ಲೋಜಿನ್' ಎಂದು ಮುಗಿಯುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಟೈಪ್ 2ನವರ ಹೃದಯಕ್ಕೂ ಕಿಡ್ನಿಗೂ ಇವು ಒಳ್ಳೆಯವು. ಆದರೆ ಇನ್ಸುಲಿನ್ ಕೊರತೆ ಇರುವವರಲ್ಲಿ ಇವು ಡಿಕೆಎ ತರಬಲ್ಲವು, ಅದೂ ಗ್ಲೂಕೋಮೀಟರಿನಲ್ಲಿ ಶುಗರ್ 180, 200 ಎಂದು ಸಾಧುವಾಗಿ ಕಾಣುತ್ತಿರುವಾಗಲೇ. ಜೆನೆರಿಕ್ ಬಂದ ಮೇಲೆ ಇವು ಅಗ್ಗವಾಗಿವೆ. ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿ ಬರುವುದರಿಂದ ನೀವು ನುಂಗುತ್ತಿರುವುದು ನಿಮಗೇ ತಿಳಿದಿರಲಿಕ್ಕಿಲ್ಲ. ಪಟ್ಟಿಯ ಹಿಂಭಾಗದ ಸಣ್ಣ ಅಕ್ಷರ ಓದಿ. ಹೆಸರು ಕಂಡರೆ ಈ ವಾರವೇ ಡಾಕ್ಟರಿಗೆ ಹೇಳಿ: 'ನನ್ನ ಟೈಪ್ ಖಚಿತವಾಗಿಲ್ಲ, ಇದನ್ನು ಮುಂದುವರಿಸಬಹುದಾ?'

ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಯಾರ ಮಾತಿಗೂ ಅದನ್ನು ಒಂದೇ ಏಟಿಗೆ ನಿಲ್ಲಿಸಬಾರದು. 'ಶುಗರ್ ರಿವರ್ಸಲ್' ಪ್ಯಾಕೇಜುಗಳು, ಉಪವಾಸ ಶಿಬಿರಗಳು, ಅನ್ನ ಮುದ್ದೆ ರೊಟ್ಟಿ ಎಲ್ಲ ಬಿಡಿಸಿ ಬರೀ ಮೊಟ್ಟೆ ಬೆಣ್ಣೆ ತಿನ್ನಿಸುವ ಪಥ್ಯಗಳು ಹೊಟ್ಟೆ ಬಂದ ಟೈಪ್ 2ನವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ತೂಕ ಇಳಿಸಿದರೆ ಅಂಥವರಲ್ಲಿ ಕೆಲವರಿಗೆ ಮಾತ್ರೆಯೇ ಬೇಡವಾಗುವುದು ನಿಜ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೇ ಉಳಿದಿಲ್ಲದವರಿಗೆ ಅದೇ ಪ್ಯಾಕೇಜು ಪ್ರಾಣಕ್ಕೆ ಕುತ್ತು. ಶಿವರಾತ್ರಿಯ ನಿರಾಹಾರವಾಗಲಿ ರಂಜಾನ್ ಉಪವಾಸವಾಗಲಿ, ಡಾಕ್ಟರ ಜೊತೆ ಕೂತು ಇನ್ಸುಲಿನ್ ಪ್ರಮಾಣ ಹೊಂದಿಸಿಕೊಂಡ ಮೇಲಷ್ಟೇ.

ಹಂತ 3: ಒಂದು ಹಾಳೆಯಲ್ಲಿ ನಿಮ್ಮ ಶುಗರ್ ಜಾತಕ ಬರೆಯಿರಿ

ಒಪಿಡಿಯಲ್ಲಿ ಡಾಕ್ಟರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರು ಕೇಳಲಾಗದ್ದನ್ನು ನೀವು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿಯಿತು. ಶುಗರ್ ಪತ್ತೆಯಾದ ತಿಂಗಳು, ಆಗಿನ ತೂಕ, ಅದಕ್ಕೂ ಆರು ತಿಂಗಳು ಮೊದಲಿನ ತೂಕ, ಮೊದಲ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೀಟೋನ್ ನೋಡಿದ್ದರೋ ಇಲ್ಲವೋ, ಯಾವ ಮಾತ್ರೆ ಯಾವಾಗ ಸೇರಿತು, ಇನ್ಸುಲಿನ್ ಎಂದಿನಿಂದ, ದಿನಕ್ಕೆ ಎಷ್ಟು ಯೂನಿಟ್. ಸ್ಟಿರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಮದ್ಯದ ಅಭ್ಯಾಸವಿದ್ದರೆ ಮುಚ್ಚಿಡದೆ ಬರೆಯಿರಿ.

ಇದರ ಪಕ್ಕದಲ್ಲಿ ಮೂರು ತಲೆಮಾರಿನ ವಂಶವೃಕ್ಷ. ಯಾರಿಗೆ ಶುಗರ್, ಯಾವ ವಯಸ್ಸಿನಲ್ಲಿ, ಮಾತ್ರೆಯೋ ಇನ್ಸುಲಿನ್ನೋ, ದಪ್ಪಗಿದ್ದರೋ ಸಣ್ಣಗಿದ್ದರೋ. ಮದುವೆ ಮನೆಯಲ್ಲಿ ದೊಡ್ಡಮ್ಮನನ್ನು ಹಿಡಿದು ಕೂರಿಸಿದರೆ ಇದು ಒಂದು ಮಧ್ಯಾಹ್ನದ ಕೆಲಸ, ಕೇಳಿದ್ದಕ್ಕಿಂತ ಹೆಚ್ಚೇ ಸಿಗುತ್ತದೆ.

ಈ ಹಾಳೆ ಯಾಕೆಂದರೆ, ಇರುವುದು ಟೈಪ್ 1, ಟೈಪ್ 2 ಎರಡೇ ಅಲ್ಲ. ಅಜ್ಜ, ಅಪ್ಪ, ನೀವು ಮೂವರಿಗೂ ತೆಳ್ಳಗಿರುವಾಗಲೇ, 25ರ ಸುಮಾರಿಗೆ ಶುಗರ್ ಬಂದಿದ್ದರೆ ಮೋಡಿ ಎಂಬ ಒಂದೇ ಜೀನಿನ ಮಧುಮೇಹ ಇರಬಹುದು. ಅದರಲ್ಲೂ ಹಲವು ಬಗೆ. ಜಿಸಿಕೆ ಜೀನಿನ ದೋಷವಿದ್ದರೆ ಖಾಲಿ ಹೊಟ್ಟೆಯ ಶುಗರ್ ವರ್ಷಾನುಗಟ್ಟಲೆ 100ರಿಂದ 150ರೊಳಗೇ ನಿಂತಿರುತ್ತದೆ, ಸಾಮಾನ್ಯವಾಗಿ ಔಷಧಿಯೇ ಬೇಡ. ಎಚ್‌ಎನ್‌ಎಫ್1ಎ ದೋಷವಾದರೆ ಗ್ಲಿಮೆಪಿರೈಡ್ ಗುಂಪಿನ ಹಳೆಯ ಅಗ್ಗದ ಮಾತ್ರೆಗೆ ಶುಗರ್ ಸೊಗಸಾಗಿ ಬಗ್ಗುತ್ತದೆ. ಟೈಪ್ 1 ಎಂದುಕೊಂಡು ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಕೊಂಡವರು ಪತ್ತೆಯಾದ ಮೇಲೆ ಮಾತ್ರೆಗೆ ಬದಲಾದದ್ದುಂಟು. ಅದೇ ಗುಂಪಿನ ಮಾತ್ರೆಯನ್ನು ನಿಧಾನವಾಗಿ ಬೆಳೆಯುವ ಟೈಪ್ 1, ಅಂದರೆ ಲಾಡಾ ಇರುವವರಿಗೆ ತಜ್ಞರು ಬೇಡ ಎನ್ನುತ್ತಾರೆ. ಹೆಸರಿನಿಂದ ಏನು ವ್ಯತ್ಯಾಸವಾಗುತ್ತದೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಅಮ್ಮನ ಕಡೆಯಿಂದಲೇ ಶುಗರ್ ಇಳಿದು ಬಂದು, ಜೊತೆಗೆ ಕಿವಿಯೂ ಮಂದವಾಗುತ್ತಿದ್ದರೆ ಮೈಟೋಕಾಂಡ್ರಿಯಾದ ದೋಷ ನೋಡಬೇಕು. ಚಿಕ್ಕಂದಿನಿಂದ ಹೊಟ್ಟೆನೋವು ಬಂದು ಹೋಗುತ್ತಿದ್ದು, ಮಲ ಎಣ್ಣೆಎಣ್ಣೆಯಾಗಿ ಹೋಗುತ್ತಿದ್ದರೆ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲಿರಬಹುದು. ಕೇರಳದಲ್ಲಿ ಹಿಂದೆ ಬಹಳ ಕಂಡ, ನಮ್ಮ ಕಡೆಗೂ ಹೊಸದಲ್ಲದ ಬಗೆ ಇದು. ಹೊಟ್ಟೆಯ ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಾಣುತ್ತದೆ. 50 ದಾಟಿದವರಿಗೆ ಹೊಸದಾಗಿ ಶುಗರ್ ಬಂದು ತೂಕವೂ ಇಳಿಯುತ್ತಿದ್ದರೆ ಆ ಗ್ರಂಥಿಯ ಸ್ಕ್ಯಾನ್ ಮುಂದೂಡಬೇಡಿ, ಕ್ಯಾನ್ಸರ್ ಅಲ್ಲ ಎಂದು ಖಾತ್ರಿಯಾಗಬೇಕು. ಬಸಿರಿನಲ್ಲಿ ಬಂದ ಶುಗರ್ ಹೆರಿಗೆಯ ನಂತರವೂ ಹೋಗಲಿಲ್ಲ ಎನ್ನುವವರೂ ಈ ಪಟ್ಟಿಗೆ ಸೇರುತ್ತಾರೆ.

ಬಾಲ್ಯದಲ್ಲಿ ಹೊಟ್ಟೆಗಿಲ್ಲದೆ ಬೆಳೆದವರಿಗೆ ಬರುವ ಬಗೆಯ ಕಥೆ ವಿಚಿತ್ರ. ಹ್ಯೂ-ಜೋನ್ಸ್ ಎಂಬ ವೈದ್ಯ ಜಮೈಕಾದಲ್ಲಿ ಅದನ್ನು 1955ರಲ್ಲಿ ಗುರುತಿಸಿದ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟು 1999ರಲ್ಲಿ ಕಿತ್ತುಹಾಕಿತು. ವೆಲ್ಲೂರಿನ ಸಿಎಂಸಿ ಮತ್ತು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನವರು ಸೇರಿ ಮಾಡಿದ ಸಂಶೋಧನೆಯ ನಂತರ 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದನ್ನೇ ಟೈಪ್ 5 ಎಂದು ಮಾನ್ಯ ಮಾಡಿತು. ಸುಶ್ರುತ ಸಂಹಿತೆಯೂ ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯವರು ಕೃಶರು, ಎರಡನೆಯವರು ಸ್ಥೂಲರು ಎನ್ನುತ್ತದೆ. 1936ರಲ್ಲಿ ಲಂಡನ್ನಿನ ವೈದ್ಯ ಹಿಮ್ಸ್‌ವರ್ತ್ ಇನ್ಸುಲಿನ್‌ಗೆ ಬಗ್ಗುವವರು, ಬಗ್ಗದವರು ಎಂದು ಎರಡು ಗುಂಪು ಮಾಡಿದ. ವರ್ಗೀಕರಣ ಬರೆಯುವವರೇ ಇಷ್ಟು ಸಲ ಗೆರೆ ಅಳಿಸಿ ಬರೆದಿರುವಾಗ, ನಿಮ್ಮ ಫೈಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದು ನಿಮ್ಮ ದೋಷವೂ ಅಲ್ಲ, ಬಹುಶಃ ಡಾಕ್ಟರ ದೋಷವೂ ಅಲ್ಲ.

ಹಂತ 4: ಪರೀಕ್ಷೆ ಮಾಡಿಸಿ, ಆದರೆ ಕ್ರಮದಲ್ಲಿ

ಎಚ್‌ಬಿಎ1ಸಿ ಎಷ್ಟು ಸಲ ಮಾಡಿಸಿದರೂ ಟೈಪ್ ತಿಳಿಯುವುದಿಲ್ಲ. ಅದು ಸರಾಸರಿ ಶುಗರ್ ಮಾತ್ರ ಹೇಳುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದನ್ನೂ ಏರಿಸಿ ಹೇಳಬಹುದು.

ಮೊದಲು ಜಿಎಡಿ ಆಂಟಿಬಾಡಿ. ದುಬಾರಿ ಪರೀಕ್ಷೆ, ದೊಡ್ಡ ಊರಿನ ಲ್ಯಾಬಿಗೆ ಸ್ಯಾಂಪಲ್ ಹೋಗಿ ಬರುವುದರಿಂದ ಕೆಲವು ದಿನ ಹಿಡಿಯುತ್ತದೆ. ಅಂಕಿ ಮಿತಿಗಿಂತ ಎಷ್ಟೋ ಪಟ್ಟು ಮೇಲಿದ್ದು, ಮೇಲೆ ಹೇಳಿದ ಲಕ್ಷಣಗಳೂ ಇದ್ದರೆ ದೇಹವೇ ತನ್ನ ಬೀಟಾ ಕೋಶಗಳ ಮೇಲೆ ಯುದ್ಧ ಹೂಡಿದೆ ಎಂದರ್ಥ. ಮಿತಿಯನ್ನು ಸ್ವಲ್ಪವೇ ದಾಟಿದ್ದರೆ ಅದೊಂದನ್ನೇ ನಂಬಿ ಕೂರಬೇಡಿ. ಜಿಎಡಿ ನೆಗೆಟಿವ್ ಬಂದರೆ ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಇನ್ನೆರಡು ಇವೆ. ಎಲ್ಲವೂ ನೆಗೆಟಿವ್ ಬಂದರೂ ಟೈಪ್ 1 ಅಲ್ಲವೆಂದು ಹೇಳಲಾಗದು. ಯುರೋಪಿನ ಮೂಲದ ವಯಸ್ಕ ಟೈಪ್ 1ನವರಲ್ಲೇ ಶೇ 5ರಿಂದ 10 ಮಂದಿಯಲ್ಲಿ ಯಾವ ಆಂಟಿಬಾಡಿಯೂ ಸಿಗುವುದಿಲ್ಲ. ಇನ್ಸುಲಿನ್ ಆಂಟಿಬಾಡಿ ಎಂಬ ಮತ್ತೊಂದು ಪರೀಕ್ಷೆಗೆ ದುಡ್ಡು ಕೊಡಬೇಡಿ, ನೀವು ಈಗಾಗಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಅದಕ್ಕೆ ಅರ್ಥವಿಲ್ಲ.

ಎರಡನೆಯದು ಸಿ-ಪೆಪ್ಟೈಡ್. ನನ್ನ ಮಟ್ಟಿಗೆ ಇದೇ ಮುಖ್ಯ. ಬೀಟಾ ಕೋಶ ಇನ್ಸುಲಿನ್ ಮಾಡುವಾಗ ಒಂದು ದೊಡ್ಡ ಅಣು ಒಡೆದು ಇನ್ಸುಲಿನ್ ಒಂದು, ಸಿ-ಪೆಪ್ಟೈಡ್ ಒಂದು ಆಗುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಎಷ್ಟು ಕಡಲೆಕಾಯಿ ತಿಂದೆವು ಎಂದು ಸಿಪ್ಪೆ ಎಣಿಸಿ ಹೇಳಿದಂತೆ, ಇದನ್ನು ಅಳೆದು ದೇಹದ ಸ್ವಂತ ತಯಾರಿಕೆ ಎಷ್ಟೆಂದು ಹೇಳಬಹುದು.

ಅಳೆಯುವಾಗ ಕೆಲವು ಎಚ್ಚರ. ಅದೇ ಸೂಜಿಯಲ್ಲಿ ರಕ್ತದ ಗ್ಲೂಕೋಸ್ ಕೂಡ ನೋಡಬೇಕು. ಊಟವಾಗಿ ಐದು ಗಂಟೆಯೊಳಗೆ ತೆಗೆದ ಸ್ಯಾಂಪಲ್ ಸಾಕು. ಶುಗರ್ 60, 70ಕ್ಕೆ ಇಳಿದಿರುವಾಗ ತೆಗೆದರೆ ಬೀಟಾ ಕೋಶ ಸುಮ್ಮನಿರುತ್ತದೆ, ಅಂಕಿ ತಾನಾಗಿ ಕೆಳಗೆ ಬರುತ್ತದೆ. ಶುಗರ್ ಬಹಳ ದಿನ 400ರ ಮೇಲಿದ್ದರೂ ಕೋಶ ದಣಿದು ಕಡಿಮೆ ತೋರಿಸುತ್ತದೆ. ಡಿಕೆಎಯಂಥ ತುರ್ತು ಸ್ಥಿತಿ ಕಳೆದು ಎರಡು ವಾರವಾದರೂ ಆಗಿರಲಿ. ಕಿಡ್ನಿ ಸೋತಿದ್ದರೆ ಅಂಕಿ ಹೆಚ್ಚು ಕಾಣುತ್ತದೆ. ಕೂದಲು ಉದುರುವುದಕ್ಕೆಂದು ತಿನ್ನುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳನ್ನು ದಾರಿ ತಪ್ಪಿಸುತ್ತದೆ, ಲ್ಯಾಬಿನವರಿಗೆ ಮೊದಲೇ ಹೇಳಿ.

ರಿಪೋರ್ಟ್ ಓದುವಾಗ ಬಲಗಡೆ ಅಚ್ಚಾಗಿರುವ 'ನಾರ್ಮಲ್ ರೇಂಜ್' ನೋಡಿ ನಿಟ್ಟುಸಿರು ಬಿಡಬೇಡಿ. ಅದು ಶುಗರ್ ಇಲ್ಲದವರ ಅಳತೆ. ಶುಗರ್ 250 ಇದ್ದು ಸಿ-ಪೆಪ್ಟೈಡ್ 'ನಾರ್ಮಲ್' ಎಂದರೆ, ಅಷ್ಟು ಸಕ್ಕರೆಗೆ ಉತ್ತರ ಕೊಡಬೇಕಾದಷ್ಟು ಇನ್ಸುಲಿನ್ ಬರುತ್ತಿಲ್ಲ ಎಂದೇ ಅರ್ಥ. ಮೇಲೆ ಹೇಳಿದ 2021ರ ವರದಿಯ ಗೆರೆಗಳು ಹೀಗಿವೆ: ಇನ್ಸುಲಿನ್ ಮೇಲಿರುವವರಲ್ಲಿ ಲೀಟರಿಗೆ 200 ಪಿಕೋಮೋಲ್‌ಗಿಂತ ಕೆಳಗಿದ್ದರೆ ಟೈಪ್ 1ರ ಮಟ್ಟ, 600ಕ್ಕಿಂತ ಮೇಲಿದ್ದರೆ ಟೈಪ್ 2ರ ಕಡೆ ವಾಲುತ್ತದೆ, ನಡುವಿನದು ಅನಿಶ್ಚಿತ. ನಮ್ಮ ಲ್ಯಾಬುಗಳು ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುವುದೇ ಹೆಚ್ಚು. ಆ ಲೆಕ್ಕದಲ್ಲಿ 0.6 ಮತ್ತು 1.8 ಎಂದಿಟ್ಟುಕೊಳ್ಳಿ. ಶುಗರ್ ಪತ್ತೆಯಾಗಿ ಮೂರು ವರ್ಷ ಕಳೆದ ಮೇಲೆ ಈ ಪರೀಕ್ಷೆ ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಹೊಸದರಲ್ಲಿ ಟೈಪ್ 1ನವರಲ್ಲೂ ಸಾಕಷ್ಟು ಉಳಿದಿರುತ್ತದೆ, ಇನ್ಸುಲಿನ್ ಶುರುಮಾಡಿದ ಕೆಲವು ತಿಂಗಳು ಡೋಸು ಕಡಿಮೆಯೇ ಸಾಕಾಗುತ್ತದೆ. 'ನೋಡಿ, ವಾಸಿಯಾಗ್ತಿದೆ' ಎಂದು ಇನ್ಸುಲಿನ್ ಬಿಡುವವರು ಎಡವುವುದು ಆ ತಿಂಗಳುಗಳಲ್ಲೇ.

ಜೀನ್ ಪರೀಕ್ಷೆ ಕೊನೆಯದು. ಆಂಟಿಬಾಡಿ ಇಲ್ಲ, ಸಿ-ಪೆಪ್ಟೈಡ್ ಉಳಿದಿದೆ, ಮನೆತನದಲ್ಲಿ ಸಾಲಾಗಿ ಇದೆ ಎಂದಾಗ ಮಾತ್ರ.

ಹಂತ 5: ಡಾಕ್ಟರ ಮುಂದೆ ಏನು ಕೇಳಬೇಕು

'ಸಾರ್, ನಂದು ಯಾವ ಟೈಪು?' ಎಂದು ಕೇಳಿದರೆ ಒಂದು ಪದದ ಉತ್ತರ ಬರುತ್ತದೆ. ಹೀಗೆ ಕೇಳಿ ನೋಡಿ: 'ಮೇಡಂ, ಈ ಹಾಳೆ ಒಂದ್ಸಲ ನೋಡ್ತೀರಾ? ಮೂರು ಮಾತ್ರೆ ತಗೊಂಡ್ರೂ ಶುಗರ್ ಇಳೀತಿಲ್ಲ, ತೂಕ ಇಳೀತಿದೆ. ಸಿ-ಪೆಪ್ಟೈಡು, ಜಿಎಡಿ ಮಾಡಿಸಬಹುದಾ?' ಆಮೇಲೆ ಎರಡನೆಯ ಪ್ರಶ್ನೆ: 'ರಿಪೋರ್ಟ್ ಬರೋ ತನಕ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನಿಲ್ಲಿಸಬಾರದು?' ಈ ಎರಡನೆಯದನ್ನು ಬರೆಸಿಕೊಂಡೇ ಬನ್ನಿ.

ಕುಟುಂಬ ವೈದ್ಯರು ಸಂಕೋಚಪಟ್ಟರೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಲು ಚೀಟಿ ಕೇಳಿ. ಬೆಂಗಳೂರಿನಲ್ಲಿ ಇದಕ್ಕೆಂದೇ ಸರ್ಕಾರಿ ಸ್ವಾಮ್ಯದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಇರುವುದುಂಟು, ಒಪಿಡಿಯ ದಿನ ಯಾವುದೆಂದು ಮೊದಲೇ ವಿಚಾರಿಸಿ ಹೊರಡಿ.

ಹಂತ 6: ನಡುವಿನ ಕಾಲದ ದಿನಚರಿ

ಗ್ಲೂಕೋಮೀಟರಿನ ಸ್ಟ್ರಿಪ್ ದುಬಾರಿ, ಆದ್ದರಿಂದ ದಿನಾ ಕಂಡಕಂಡಾಗ ಚುಚ್ಚುವ ಬದಲು ವಾರದಲ್ಲಿ ಎರಡು ದಿನ ಆರಿಸಿಕೊಂಡು ಆ ದಿನ ಪೂರ್ತಿ ನೋಡಿ: ಎದ್ದ ಕೂಡಲೇ, ತಿಂಡಿಯಾಗಿ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮೊದಲು, ಮಲಗುವಾಗ. ಇನ್ಸುಲಿನ್ ಮೇಲಿರುವವರಿಗೆ ಡಾಕ್ಟರು ಹೇಳಿದಷ್ಟು ಸಲ ನೋಡಲೇಬೇಕು, ಅಲ್ಲಿ ಉಳಿತಾಯ ಬೇಡ. ಅಂಕಿಯ ಪಕ್ಕದಲ್ಲಿ ತಿಂದದ್ದನ್ನೂ ಬರೆಯಿರಿ. ಒಂದೇ ಗಾತ್ರದ ಮುದ್ದೆ, ಅದೇ ಸೊಪ್ಪಿನ ಸಾರು, ಆದರೂ ತಿಂಗಳಿಂದ ತಿಂಗಳಿಗೆ ಊಟದ ನಂತರದ ಅಂಕಿ ಮೇಲೇರುತ್ತಾ ಹೋದರೆ ಸ್ವಂತ ಇನ್ಸುಲಿನ್ ಇಳಿಯುತ್ತಿರಬಹುದು. ಒಂದು ದಿನ 110, ಮರುದಿನ ಅದೇ ಊಟಕ್ಕೆ 290 ಎಂಬಂಥ ಹುಚ್ಚಾಟವೂ ಅದೇ ಸುಳಿವು ಕೊಡುತ್ತದೆ.

ಇನ್ಸುಲಿನ್ ಹೊಸದಾಗಿ ಶುರುಮಾಡಿದವರಿಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗುತ್ತದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಎಂದು ಪ್ರತಿ ಸಲ ಖರೀದಿಸುವಾಗ ನೋಡಿಕೊಳ್ಳಿ.

ಶುಗರ್ 70ರ ಕೆಳಗೆ ಬಂದು ಬೆವರು, ನಡುಕ, ಕಣ್ಣು ಮಂಜು ಆದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮೈಸೂರು ಪಾಕ್ ಈ ಕೆಲಸಕ್ಕೆ ಬಾರದು, ತುಪ್ಪ ಸಕ್ಕರೆಯನ್ನು ತಡಮಾಡಿಸುತ್ತದೆ. ಮೈ ಹುಷಾರಿಲ್ಲದ ದಿನ ಊಟ ಸೇರದಿದ್ದರೂ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡುತ್ತಾ ಇರಿ, ಶುಗರ್ ಹೆಚ್ಚಿದ್ದರೆ ನೀರು ಮತ್ತು ಉಪ್ಪು ಹಾಕಿದ ತಿಳಿ ಮಜ್ಜಿಗೆ, ಇಳಿಯುತ್ತಿದ್ದರೆ ಗಂಜಿ. ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂದು ಅಂದು ಫೋನಿನಲ್ಲೇ ಕೇಳಿ.

ಹಂತ 7: ಮನೆಯವರಿಗೆ, ನೆಂಟರಿಗೆ, ಅಪರಿಚಿತರಿಗೆ

'ಇಷ್ಟು ಚಿಕ್ಕ ವಯಸ್ಸಿಗೆ ಇನ್ಸುಲಿನ್ನಾ? ಒಂದ್ಸಲ ಶುರುಮಾಡಿದ್ರೆ ಬಿಡಕ್ಕಾಗಲ್ವಂತೆ' ಎನ್ನುವ ಚಿಕ್ಕಮ್ಮ ಎಲ್ಲ ಮನೆಯಲ್ಲೂ ಇದ್ದಾರೆ. ಅವರಿಗೆ ಟೈಪುಗಳ ಪಾಠ ಬೇಡ. 'ನನ್ನ ದೇಹದಲ್ಲಿ ಇನ್ಸುಲಿನ್ ಕಡಿಮೆ ಇದೆ ಚಿಕ್ಕಮ್ಮ, ಹೊರಗಿಂದ ಹಾಕ್ಕೋಬೇಕು' ಎಂದರೆ ಸಾಕು. ಹಾಗಲಕಾಯಿ ರಸ, ಮೆಂತ್ಯದ ನೀರು, ಅಮೃತಬಳ್ಳಿ ತಂದುಕೊಟ್ಟರೆ ಹಾಗಲಕಾಯಿ ಪಲ್ಯ ಮಾಡಿಸಿಕೊಂಡು ತಿನ್ನಿ, ರುಚಿಯಾಗಿರುತ್ತದೆ. ಅದನ್ನು ನಂಬಿ ಇನ್ಸುಲಿನ್ ಬಿಡದಿದ್ದರಾಯಿತು. 'ಸಿಹಿ ತಿಂದು ತಿಂದು ಬಂತು' ಎಂಬ ಮಾತಿಗೆ ಮಾತ್ರ ನಾನು ಸುಮ್ಮನಿರುವುದಿಲ್ಲ. ಟೈಪ್ 1ನವರ ವಿಷಯದಲ್ಲಿ ಅದು ಶುದ್ಧ ಸುಳ್ಳು; ಟೈಪ್ 2ನವರ ವಿಷಯದಲ್ಲೂ ಜೀನು, ಹುಟ್ಟಿದಾಗಿನ ತೂಕ ಎಲ್ಲವನ್ನೂ ಒಂದು ಜಿಲೇಬಿಯ ಮೇಲೆ ಹಾಕುವುದು ಅನ್ಯಾಯ.

ಪರ್ಸಿನಲ್ಲಿ ಒಂದು ಚೀಟಿ ಇರಲಿ: 'ನನಗೆ ಮಧುಮೇಹವಿದೆ. ಇನ್ಸುಲಿನ್ ತೆಗೆದುಕೊಳ್ಳುತ್ತೇನೆ, ಪೂರ್ತಿ ನಿಲ್ಲಿಸಬೇಡಿ. ಟೈಪ್ ತೀರ್ಮಾನವಾಗಿಲ್ಲ, ಕೀಟೋನ್ ಪರೀಕ್ಷಿಸಿ.' ಕೆಳಗೆ ಮನೆಯವರ ಫೋನ್ ನಂಬರು. ಅಪಘಾತವಾಗಿ ಯಾವುದೋ ಊರಿನ ಆಸ್ಪತ್ರೆ ಸೇರಿದರೆ, 'ಟೈಪ್ 2 ತಾನೇ, ಆಪರೇಷನ್ ತನಕ ಇನ್ಸುಲಿನ್ ಬೇಡ' ಎಂದು ಯಾರೂ ಅಂದುಕೊಳ್ಳದಿರಲು ಈ ಚೀಟಿ ಬೇಕು. ಆರೋಗ್ಯ ವಿಮೆಯ ಅರ್ಜಿಯಲ್ಲಿ ನಿಮ್ಮ ಊಹೆ ಬರೆಯಬೇಡಿ, ಡಾಕ್ಟರ ಚೀಟಿಯಲ್ಲಿ ಇದ್ದದ್ದನ್ನೇ ಇದ್ದ ಹಾಗೆ ಬರೆಯಿರಿ.

ಹಂತ 8: ಮತ್ತೆ ಯಾವಾಗ ಕೇಳಬೇಕು

ಜಿಎಡಿ ಪಾಸಿಟಿವ್ ಇದ್ದು ಸಿ-ಪೆಪ್ಟೈಡ್ ನಡುವಿನ ಮಟ್ಟದಲ್ಲಿದ್ದರೆ ಆರು ತಿಂಗಳಿಗೊಮ್ಮೆ ಸಿ-ಪೆಪ್ಟೈಡ್ ನೋಡಿಸಿ. ಲಾಡಾ ಕುರಿತ 2020ರ ತಜ್ಞರ ಒಮ್ಮತದ ಸಲಹೆಯೂ ಇದೇ. ಎಲ್ಲ ಆಂಟಿಬಾಡಿ ನೆಗೆಟಿವ್ ಇದ್ದು ಮಾತ್ರೆಯಲ್ಲೇ ನಡೆಯುತ್ತಿದ್ದರೆ ಸದ್ಯಕ್ಕೆ ಟೈಪ್ 2 ಎಂದೇ ನಡೆದುಕೊಳ್ಳಿ. ಹೊಸದಾಗಿ ತೂಕ ಇಳಿದರೆ, ಕಾರಣವಿಲ್ಲದೆ ಅಂಕಿ ಏರತೊಡಗಿದರೆ, ಕೀಟೋನ್ ಕಂಡರೆ, ಬಸಿರಾದರೆ ಅಥವಾ ಮನೆಯಲ್ಲಿ ಇನ್ನೊಬ್ಬರಿಗೆ ಚಿಕ್ಕ ವಯಸ್ಸಿನಲ್ಲಿ ಶುಗರ್ ಬಂದರೆ ಮತ್ತೆ ಕೇಳಿ. ಕೆಲವರಿಗೆ ಇಷ್ಟೆಲ್ಲ ಆದ ಮೇಲೂ ಹೆಸರು ಸಿಗುವುದಿಲ್ಲ. ನನಗೂ ಪೂರ್ತಿ ಸಿಕ್ಕಿಲ್ಲ. ಆದರೆ ಸಿ-ಪೆಪ್ಟೈಡ್ ಎಷ್ಟಿದೆ, ಅದಕ್ಕೆ ಯಾವ ಔಷಧಿ ಎಂಬುದು ಗೊತ್ತಿರುವುದರಿಂದ ಚಿಕಿತ್ಸೆ ನಿಂತಿಲ್ಲ. ಕಣ್ಣು, ಪಾದ, ಕಿಡ್ನಿಯ ವಾರ್ಷಿಕ ತಪಾಸಣೆಗೆ ಟೈಪ್ ಯಾವುದಾದರೂ ವ್ಯತ್ಯಾಸವಿಲ್ಲ. ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿದ್ದರೆ ಅದರ ಜೊತೆ ವಿಟಮಿನ್ ಬಿ12 ಕೂಡ ನೋಡಿಸಿಕೊಳ್ಳಿ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಶುಗರ್ ಮೊದಲ ಸಲ ಪತ್ತೆಯಾದ ದಿನದ ರಿಪೋರ್ಟ್, ಮೊದಲ ಡಿಸ್ಚಾರ್ಜ್ ಸಮ್ಮರಿ, ಜಿಎಡಿ ಮತ್ತು ಸಿ-ಪೆಪ್ಟೈಡ್ ಕಾಗದಗಳನ್ನು ಇವತ್ತೇ ಹುಡುಕಿ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಥರ್ಮಲ್ ಕಾಗದದ ಅಕ್ಷರ ಎರಡು ಮೂರು ಬೇಸಿಗೆಯಲ್ಲಿ ಮಾಸಿಹೋಗುತ್ತದೆ, ಆದರೆ ಮುಂದಿನ ಡಾಕ್ಟರು ಮೊದಲು ಕೇಳುವುದು ಅದೇ ಕಾಗದ.